ಜೀವಕೋಶದೊಳಗಿನ ಸಾಗಣೆ: ಯೀಸ್ಟ್ ತೋರಿದ ದಾರಿ

ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನಲ್ಲಿರುವ ಸಾಸವಡವು ಅಂಜೂರ ಹಾಗೂ ಸೀತಾಫಲಗಳಿಗೆ ಹೆಸರಾದ ಊರು. ಬಿರಿದ ಅಂಜೂರವನ್ನು ಎರಡು ದಿನ ಹಾಗೆಯೇ ಬಿಟ್ಟರೆ ಹುಳಿ ವಾಸನೆ ಬರತೊಡಗುತ್ತದೆ. ಹಣ್ಣಿನ ಸಕ್ಕರೆಯನ್ನು ಹುದುಗಿಸುವ ಯೀಸ್ಟ್ ಎಂಬ ಸೂಕ್ಷ್ಮಜೀವಿಗಳು ಇದಕ್ಕೆ ಒಂದು ಕಾರಣ. ಬೆಳೆಗಾರನಿಗೆ ನಷ್ಟವನ್ನುಂಟುಮಾಡುವ ಈ ಬಳಗಕ್ಕೇ ಸೇರಿದ, ಬ್ರೆಡ್ಡನ್ನು ಉಬ್ಬಿಸುವ ಯೀಸ್ಟ್, ಮಾನವನ ಜೀವಕೋಶಗಳ ಕಾರ್ಯವಿಧಾನವನ್ನು ಅರಿಯಲು ನೆರವಾಗಿದೆ ಎಂಬುದು ಗಮನಾರ್ಹ.

ನಮ್ಮ ದೇಹದ ಅನೇಕ ಪ್ರೋಟೀನುಗಳು ತಾವು ತಯಾರಾದ ಜೀವಕೋಶದಿಂದ ಹೊರಬಂದ ನಂತರವೇ ಉಪಯೋಗಕ್ಕೆ ಬರುತ್ತವೆ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಮತ್ತು ರೋಗಾಣುಗಳನ್ನು ಎದುರಿಸುವ ಪ್ರತಿಕಾಯಗಳು ಇಂಥವು. ಇವು ಮೊದಲು ಅಂತರ್ದ್ರವ್ಯ ಜಾಲಿಕೆ ಎಂಬ ಪೊರೆಗಳ ಜಾಲವನ್ನು ಪ್ರವೇಶಿಸಿ, ಅಲ್ಲಿಂದ ಗಾಲ್ಗಿ ಸಂಕೀರ್ಣಕ್ಕೆ ಸಾಗಿ, ಕೊನೆಗೆ ಕಿರುಚೀಲಗಳಲ್ಲಿ ಕೋಶದ ಅಂಚನ್ನು ತಲುಪುತ್ತವೆ. ಈ ಮಾರ್ಗವನ್ನು ಗುರುತಿಸಿದ ಜಾರ್ಜ್ ಪಲಾಡೆ ಅವರಿಗೆ 1974ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಆದರೆ ಈ ಸಾಗಣೆಯನ್ನು ನಡೆಸುವ ವಂಶವಾಹಿಗಳು ಯಾವುವು ಎಂಬುದು ಆಗ ತಿಳಿದಿರಲಿಲ್ಲ.

ಅಮೆರಿಕದ ಬರ್ಕ್ಲಿಯಲ್ಲಿ ರ‍್ಯಾಂಡಿ ಶೆಕ್‌ಮನ್ ಮತ್ತು ಪೀಟರ್ ನೊವಿಕ್ ಇದಕ್ಕೆ ಯೀಸ್ಟನ್ನು ಆರಿಸಿಕೊಂಡರು. ಯೀಸ್ಟ್ ಏಕಕೋಶ ಜೀವಿ, ಬೇಗನೆ ಬೆಳೆಯುತ್ತದೆ. ಸಕ್ಕರೆಯನ್ನು ಒಡೆಯುವ ಇನ್ವರ್ಟೇಸ್ ಎಂಬ ಕಿಣ್ವವನ್ನು ಅದು ತನ್ನ ಪೊರೆಯಿಂದಾಚೆಗೆ ಕಳುಹಿಸುತ್ತದೆ. ಆದರೆ ಸಾಗಣೆ ಪೂರ್ತಿಯಾಗಿ ನಿಂತರೆ ಕೋಶವೇ ಸಾಯುತ್ತದೆ. ಆದ್ದರಿಂದ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸರಿಯಾಗಿ ಬೆಳೆದು, 37 ಡಿಗ್ರಿಯಲ್ಲಿ ಮಾತ್ರ ದೋಷ ತೋರುವ ಉತ್ಪರಿವರ್ತಿತ ಯೀಸ್ಟ್‌ಗಳನ್ನು ಅವರು ಹುಡುಕಿದರು. 1979ರಲ್ಲಿ ಪ್ರಕಟವಾದ ಮೊದಲ ಉದಾಹರಣೆಯಲ್ಲಿ ಇನ್ವರ್ಟೇಸ್ ತಯಾರಾದರೂ ಹೊರಬರದೆ, ಕೋಶದ ತುಂಬ ಕಿರುಚೀಲಗಳು ಶೇಖರವಾಗಿದ್ದವು. ಹೀಗೆ ಒಳಗೇ ಸರಕು ತುಂಬಿಕೊಂಡ ಕೋಶಗಳ ಸಾಂದ್ರತೆ ಹೆಚ್ಚುವುದರಿಂದ ಅವುಗಳನ್ನು ಉಳಿದವುಗಳಿಂದ ಬೇರ್ಪಡಿಸುವುದು ಸುಲಭವಾಯಿತು. 1980ರ ವೇಳೆಗೆ ಇಂತಹ 23 ವಂಶವಾಹಿಗಳು ಗುರುತಿಸಲ್ಪಟ್ಟವು.

ಇವುಗಳಲ್ಲಿ ಯಾವುದು ಮೊದಲು, ಯಾವುದು ನಂತರ ಕೆಲಸ ಮಾಡುತ್ತದೆ? ಸಾಸವಡದ ಹಣ್ಣಿನ ಬುಟ್ಟಿಗಳು ದಿವೇ ಘಾಟ್ ಇಳಿದು ಪುಣೆಯ ಮಾರುಕಟ್ಟೆಗೆ ಹೋಗುತ್ತವೆ ಎಂದಿಟ್ಟುಕೊಳ್ಳೋಣ. ಘಾಟ್‌ನಲ್ಲಿ ರಸ್ತೆ ಮುಚ್ಚಿದರೆ ಬುಟ್ಟಿಗಳು ಅದಕ್ಕೂ ಮೊದಲೇ ನಿಲ್ಲುತ್ತವೆ. ಪುಣೆಯ ಹೊರವಲಯದಲ್ಲಿ ಇನ್ನೊಂದು ತಡೆ ಇದ್ದರೂ ಬುಟ್ಟಿಗಳು ಸೇರುವುದು ಮೊದಲ ತಡೆಯ ಬಳಿಯಲ್ಲೇ. ಅದೇ ರೀತಿ, ಎರಡು ದೋಷಗಳನ್ನು ಒಂದೇ ಯೀಸ್ಟ್ ಕೋಶದಲ್ಲಿ ಕೂಡಿಸಿ, ಪ್ರೋಟೀನು ಎಲ್ಲಿ ನಿಂತಿದೆ ಎಂದು ನೋಡಿದಾಗ, ಸಾಗಣೆಯ ಹಂತಗಳ ಅನುಕ್ರಮವು ಸ್ಪಷ್ಟವಾಯಿತು.

ಈ ವ್ಯವಸ್ಥೆ ಯೀಸ್ಟ್‌ಗೆ ಮಾತ್ರ ಸೀಮಿತವಲ್ಲ. ಜೇಮ್ಸ್ ರಾತ್‌ಮನ್ ಅವರು ಸಸ್ತನಿಗಳ ಕೋಶದಲ್ಲಿ ಕಂಡುಹಿಡಿದಿದ್ದ ಒಂದು ಪ್ರೋಟೀನಿಗೆ ಯೀಸ್ಟ್‌ನ 'ಸೆಕ್ 18' ವಂಶವಾಹಿಯ ಪ್ರೋಟೀನು ಸಮಾನವೆಂದು 1989ರಲ್ಲಿ ತಿಳಿದುಬಂದಿತು. ಯೀಸ್ಟ್‌ನ 'ಸೆಕ್ 23'ಕ್ಕೆ ಸಂವಾದಿಯಾದ ಮಾನವನ ಒಂದು ವಂಶವಾಹಿಯಲ್ಲಿನ ದೋಷವು ಹುಟ್ಟಿನಿಂದಲೇ ಬರುವ ಅಪರೂಪದ ರಕ್ತಹೀನತೆಗೆ ಕಾರಣವೆಂಬುದು 2009ರಲ್ಲಿ ಬೆಳಕಿಗೆ ಬಂದಿತು. ಶೆಕ್‌ಮನ್, ರಾತ್‌ಮನ್ ಮತ್ತು ಥಾಮಸ್ ಸ್ಯೂಡಾಫ್ ಅವರು 2013ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಯೀಸ್ಟ್‌ನ ಈ ಸಾಗಣೆ ಸಾಮರ್ಥ್ಯವನ್ನು ಔಷಧ ತಯಾರಿಕೆಯಲ್ಲಿಯೂ ಬಳಸಿಕೊಳ್ಳಲಾಗಿದೆ. ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2004ರಲ್ಲಿ ಬಿಡುಗಡೆ ಮಾಡಿದ ಮಾನವ ಇನ್ಸುಲಿನ್ ತಯಾರಾಗುವುದು ಪಿಕಿಯಾ ಎಂಬ ಇನ್ನೊಂದು ಯೀಸ್ಟ್‌ನ ನೆರವಿನಿಂದ. ಇನ್ಸುಲಿನ್ನಿನ ಪೂರ್ವರೂಪವನ್ನು ಯೀಸ್ಟ್ ತಾನೇ ಹೊರಕ್ಕೆ ಸ್ರವಿಸುವುದರಿಂದ, ಕೋಶಗಳನ್ನು ಒಡೆಯದೆ ಅದನ್ನು ದ್ರವದಿಂದ ಬೇರ್ಪಡಿಸಬಹುದು. ಯೀಸ್ಟ್‌ನ ದೋಷಗಳನ್ನು ಹುಡುಕಲು ಆರಂಭಿಸಿದಾಗ ಔಷಧ ತಯಾರಿಕೆ ಆ ಸಂಶೋಧನೆಯ ಗುರಿಯಾಗಿರಲಿಲ್ಲ. ಕೋಶದ ಸಹಜ ವ್ಯವಹಾರವನ್ನು ಅರಿಯುವುದಷ್ಟೇ ಉದ್ದೇಶವಾಗಿತ್ತು. ಆ ಅರಿವು ಇಂದು ರೋಗದ ಮೂಲವನ್ನು ಗುರುತಿಸಲು ವೈದ್ಯರಿಗೂ, ಯೀಸ್ಟ್‌ನಿಂದ ಹೆಚ್ಚು ಔಷಧ ಪಡೆಯಲು ತಂತ್ರಜ್ಞರಿಗೂ ಆಧಾರವಾಗಿದೆ.