ಬಿಸಿಲೂರಿನಲ್ಲಿ ಬಿಸಿಲಿನ ಬರ

ಡೊಂಬಿವಲಿ, ಕಲ್ಯಾಣ, ಠಾಣೆ, ನವಿ ಮುಂಬಯಿಯಲ್ಲಿ ಬಿಸಿಲಿಗೇನು ಕೊರತೆ? ಮಳೆಗಾಲದ ನಾಲ್ಕು ತಿಂಗಳು ಬಿಟ್ಟರೆ ವರ್ಷವಿಡೀ ಸೂರ್ಯನ ದರ್ಬಾರು. ಆದರೂ ನಮ್ಮವರ ರಕ್ತಪರೀಕ್ಷೆಯ ವರದಿಯಲ್ಲಿ ‘ವಿಟಮಿನ್ ಡಿ ಕಡಿಮೆ’ ಎಂಬ ಸಾಲು ಈಗ ಮಾಮೂಲು. ಬೆಳಿಗ್ಗೆ ಲೋಕಲ್ ಹಿಡಿದು ಐರೋಲಿಯ ಆಫೀಸು ಸೇರುವ ನನ್ನಂಥವರಿಗೆ ಬಿಸಿಲು ಕಾಣುವುದು ಗಾಜಿನಾಚೆ. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದ ಯುವಿಬಿ ಕಿರಣಗಳನ್ನು ಕಿಟಕಿಯ ಗಾಜು ಬಹುತೇಕ ತಡೆದುಬಿಡುತ್ತದೆ. ಮಹಡಿ ಇಳಿಯಲಾಗದ ಹಿರಿಯರ ಪಾಡು ಇನ್ನೂ ಕಷ್ಟ.

ರುಮಟಾಯ್ಡ್ ಆರ್ಥ್ರೈಟಿಸ್ ಇರುವವರಿಗೆ ಈ ಕೊರತೆ ದುಬಾರಿ. ನನ್ನ ಅಮ್ಮನಿಗೆ ಹತ್ತು ವರ್ಷಗಳಿಂದ ಈ ಕಾಯಿಲೆಯಿದೆ. ಕಳೆದ ಮಳೆಗಾಲದಲ್ಲಿ ಬಚ್ಚಲಲ್ಲಿ ಸ್ವಲ್ಪ ಜಾರಿದ್ದಕ್ಕೇ ಮಣಿಕಟ್ಟಿನ ಮೂಳೆ ಮುರಿಯಿತು. ಅಲ್ಲಿಯವರೆಗೆ ಮನೆಯಲ್ಲಿ ಮಾತೆಲ್ಲ ಕೀಲುನೋವಿನದೇ, ಮೂಳೆಯ ಸುದ್ದಿಯೇ ಇರಲಿಲ್ಲ.

ಈ ಕಾಯಿಲೆಯಲ್ಲಿ ಮೂಳೆಗೆ ಪೆಟ್ಟು ಹಲವು ಕಡೆಯಿಂದ ಬೀಳುತ್ತದೆ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲುಗಳ ಮೇಲೆ ದಾಳಿ ಮಾಡುವಾಗ ಹುಟ್ಟುವ ಉರಿಯೂತ, ಮೂಳೆ ಕರಗಿಸುವ ಜೀವಕೋಶಗಳನ್ನು ಚುರುಕಾಗಿಸುತ್ತದೆ. ನೋವಿಗೆ ತೆಗೆದುಕೊಳ್ಳುವ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ದೀರ್ಘಕಾಲ ಮುಂದುವರಿದರೆ ಮೂಳೆ ಸವೆಯುತ್ತದೆ. ನೋವೆಂದು ಓಡಾಟ ಬಿಟ್ಟರೆ ಇನ್ನಷ್ಟು ನಷ್ಟ. ಜೊತೆಗೆ ವಿಟಮಿನ್ ಡಿ ಕಡಿಮೆಯಾದರೆ ಕರುಳು ಕ್ಯಾಲ್ಸಿಯಂ ಅನ್ನು ಸರಿಯಾಗಿ ಹೀರದು. ಆಗ ದೇಹ ಅದನ್ನು ಮೂಳೆಯಿಂದಲೇ ಕಡ ತರುತ್ತದೆ.

ವಿಟಮಿನ್ ಡಿ ಸಂಧಿವಾತವನ್ನು ಗುಣಪಡಿಸುವ ಮದ್ದಲ್ಲ. ವೈದ್ಯರು ಕೊಟ್ಟ ಔಷಧಿಗೆ ಅದು ಬದಲಿಯೂ ಅಲ್ಲ. ಮೂಳೆಯನ್ನು ಕಾಯುವುದಷ್ಟೇ ಅದರ ಕೆಲಸ.

ಹಾಗಾದರೆ ಮಾಡಬೇಕಾದ್ದೇನು? ಮೊದಲು ‘25 ಹೈಡ್ರಾಕ್ಸಿ ವಿಟಮಿನ್ ಡಿ’ ರಕ್ತಪರೀಕ್ಷೆ. ಸಾಮಾನ್ಯವಾಗಿ 20 ನ್ಯಾನೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ ಎನ್ನುತ್ತಾರೆ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಸ್ಟೀರಾಯ್ಡ್ ತೆಗೆದುಕೊಳ್ಳುವವರು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕೇ ಎಂದು ವೈದ್ಯರನ್ನು ಕೇಳಲಿ. ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಅದು ಆಸ್ಟಿಯೋಪೊರೋಸಿಸ್. ಸ್ಟೀರಾಯ್ಡನ್ನು ಮಾತ್ರ ತಾವಾಗಿಯೇ ಹಠಾತ್ತನೆ ನಿಲ್ಲಿಸಬಾರದು.

ಬಿಸಿಲಿಗೆ ಒಂದು ಸುಲಭ ಲೆಕ್ಕವಿದೆ: ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡವಿದ್ದಾಗ ಯುವಿಬಿ ಚೆನ್ನಾಗಿ ಸಿಗುತ್ತದೆ. ಬೆಳ್ಳಂಬೆಳಿಗ್ಗೆಯ ಎಳೆಬಿಸಿಲು ಹಿತ, ಆದರೆ ವಿಟಮಿನ್ ಡಿಗೆ ಅಷ್ಟು ಉಪಯೋಗವಿಲ್ಲ. ಸಂಧಿವಾತದ ಕೆಲವು ಮದ್ದುಗಳಿಂದ ಚರ್ಮಕ್ಕೆ ಬಿಸಿಲು ಆಗಿಬರದು, ಅಂಥವರು ಕೇಳಿಕೊಂಡೇ ಹೊರಡಬೇಕು.

ಊಟದಲ್ಲಿ ನಮ್ಮ ರಾಗಿಯನ್ನು ಮರೆಯದಿರೋಣ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ದಿನದ ಅಗತ್ಯ 1000ದಿಂದ 1200 ಮಿಲಿಗ್ರಾಂ. ಹಾಲು, ಮೊಸರು, ಎಳ್ಳು ಜೊತೆಗಿರಲಿ. ಮೀನು ತಿನ್ನುವ ಕರಾವಳಿಯವರಿಗೆ ಬಂಗುಡೆ, ಬೂತಾಯಿಯಲ್ಲಿ ವಿಟಮಿನ್ ಡಿಯೂ ಸಿಗುತ್ತದೆ.

ಕೊನೆಗೊಂದು ಎಚ್ಚರಿಕೆ. ಮೆಡಿಕಲ್ ಶಾಪಿನಲ್ಲಿ ಸಿಗುವ 60,000 ಯೂನಿಟ್ಟಿನ ಪುಡಿ ಅಥವಾ ಮಾತ್ರೆಯನ್ನು ಸಾಮಾನ್ಯವಾಗಿ ವಾರಕ್ಕೊಂದರಂತೆ, ಕೆಲವು ವಾರಗಳ ಮಟ್ಟಿಗೆ ಬರೆದುಕೊಡುತ್ತಾರೆ. ಪಕ್ಕದ ಮನೆಯವರು ಹೇಳಿದರೆಂದು ದಿನವೂ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ವಿಪರೀತ ಬಾಯಾರಿಕೆ, ಮೂತ್ರಪಿಂಡದ ಕಲ್ಲು ಬರಬಹುದು.

ನಿಮ್ಮ ಮನೆಯಲ್ಲೂ ಸಂಧಿವಾತದವರಿದ್ದರೆ, ಮುಂದಿನ ಸಲ ವೈದ್ಯರಲ್ಲಿಗೆ ಹೋದಾಗ ಕೀಲಿನ ಜೊತೆ ಮೂಳೆಯ ವಿಷಯವನ್ನೂ ಕೇಳಿ ಬನ್ನಿ.