ಎಸ್.ಎಸ್.ಎಲ್.ಸಿ. ಅನುತ್ತೀರ್ಣರಾದ ಹಾಗೂ ಶಾಲೆ ಬಿಟ್ಟ ಯುವಜನರಿಗೆ ಶಿಕ್ಷಣ ಮತ್ತು ಉದ್ಯೋಗದ ಅವಕಾಶಗಳು

ಮಧುಗಿರಿ ಶೈಕ್ಷಣಿಕ ಜಿಲ್ಲೆಯು ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನು ಒಳಗೊಂಡಿರುತ್ತದೆ. ಇದು ಬಹುಮಟ್ಟಿಗೆ ಮಳೆಯಾಶ್ರಿತ ಪ್ರದೇಶ. ಕಡಲೆಕಾಯಿ ಬೆಳೆ ಕೈಕೊಟ್ಟ ವರ್ಷ ಮನೆಯ ಮಕ್ಕಳೂ ಕೂಲಿಗೆ ಹೊರಡುವ ಸಂದರ್ಭ ಒದಗುತ್ತದೆ. ಪಟ್ಟನಾಯಕನಹಳ್ಳಿಯಂತಹ ಗ್ರಾಮದಲ್ಲಿ ಹತ್ತನೇ ತರಗತಿ ಅನುತ್ತೀರ್ಣರಾದವರ ಹೆಸರು ಶಾಲೆಯ ಹಾಜರಿ ಪುಸ್ತಕದಿಂದ ಹೋದ ನಂತರ ಬೇರೆ ಯಾವ ದಾಖಲೆಗೂ ತಾನಾಗಿ ಸೇರುವುದಿಲ್ಲ. ಆದುದರಿಂದ ಅವರು ಅನುತ್ತೀರ್ಣರಾದ ವರ್ಷದಲ್ಲಿಯೇ ಈ ಕೆಳಕಂಡ ಮಾರ್ಗಗಳಲ್ಲಿ ಒಂದನ್ನು ಆಯ್ದುಕೊಳ್ಳುವುದು ಅತ್ಯವಶ್ಯಕ.

1. ಮರುಪರೀಕ್ಷೆ: 2023-24ನೇ ಸಾಲಿನಿಂದ ಪೂರಕ ಪರೀಕ್ಷೆಯ ಬದಲಾಗಿ ಪರೀಕ್ಷೆ-1, ಪರೀಕ್ಷೆ-2 ಎಂಬ ಕ್ರಮ ಜಾರಿಗೆ ಬಂದಿದೆ. ಅನುತ್ತೀರ್ಣರಾದ ವಿಷಯಗಳಿಗೆ ಮಾತ್ರ ಹಾಜರಾದರೆ ಸಾಕು. ಅರ್ಜಿಯನ್ನು ತಾವು ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಸಲ್ಲಿಸತಕ್ಕದ್ದು.

2. ಮುಕ್ತ ಶಾಲೆ: ರಾಷ್ಟ್ರೀಯ ಮುಕ್ತ ವಿದ್ಯಾಲಯ ಶಿಕ್ಷಣ ಸಂಸ್ಥೆಯಲ್ಲಿ 14 ವರ್ಷ ತುಂಬಿದವರು ಹತ್ತನೇ ತರಗತಿಗೆ ಸಮಾನವಾದ ಕೋರ್ಸಿಗೆ ಸೇರಬಹುದು. ನೋಂದಣಿಯು 5 ವರ್ಷ ಊರ್ಜಿತವಾಗಿದ್ದು, ದುಡಿಯುತ್ತಲೇ ಓದುವವರಿಗೆ ಇದು ಅನುಕೂಲಕರವಾಗಿರುತ್ತದೆ.

3. ಕೈಗಾರಿಕಾ ತರಬೇತಿ: ಐ.ಟಿ.ಐ.ಗಳ ಬಹುತೇಕ ವೃತ್ತಿಗಳಿಗೆ ಎಸ್.ಎಸ್.ಎಲ್.ಸಿ. ಉತ್ತೀರ್ಣತೆ ಅಗತ್ಯ. ಆದರೆ ವೆಲ್ಡರ್, ವೈರ್‌ಮನ್ ಮುಂತಾದ ಕೆಲವು ವೃತ್ತಿಗಳಿಗೆ ಎಂಟನೇ ತರಗತಿ ತೇರ್ಗಡೆಯಾಗಿದ್ದರೆ ಸಾಕು. ಈ ಅಂಶ ಅನೇಕ ಪಾಲಕರಿಗೆ ತಿಳಿದಿರುವುದಿಲ್ಲ.

4. ಸ್ವಉದ್ಯೋಗ ತರಬೇತಿ: 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ನಡೆಸುತ್ತಿವೆ. 18 ವರ್ಷ ತುಂಬಿದ ಗ್ರಾಮೀಣ ಯುವಕ, ಯುವತಿಯರಿಗೆ ತರಬೇತಿ, ಊಟ ಮತ್ತು ವಸತಿ ಉಚಿತ. ತರಬೇತಿಯ ನಂತರವೂ ಬ್ಯಾಂಕ್ ಸಾಲ ಪಡೆಯಲು ಹಾಗೂ ಉದ್ಯೋಗ ನೆಲೆಗೊಳಿಸಲು ಮಾರ್ಗದರ್ಶನ ನೀಡಲಾಗುತ್ತದೆ.

ಗಮನಿಸಿ: 2024ರ ಜನವರಿಯಲ್ಲಿ ಚಾಲನೆಗೊಂಡ ಯುವನಿಧಿ ಯೋಜನೆಯು ಪದವೀಧರರು ಹಾಗೂ ಡಿಪ್ಲೊಮಾ ಪಡೆದವರಿಗೆ ರೂಪಿಸಿದ್ದು, ಎಸ್.ಎಸ್.ಎಲ್.ಸಿ. ಅನುತ್ತೀರ್ಣರಿಗೆ ಅನ್ವಯಿಸುವುದಿಲ್ಲ.

ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳು: ಅಂಕಪಟ್ಟಿ, ವರ್ಗಾವಣೆ ಪತ್ರ, ಆಧಾರ್, ಬ್ಯಾಂಕ್ ಪಾಸ್ ಪುಸ್ತಕ, ಹಾಗೂ ಮೀಸಲಾತಿ ಅಥವಾ ಶುಲ್ಕ ರಿಯಾಯಿತಿ ಕೋರುವವರು ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣ ಪತ್ರ. ಹೆಸರು ಮತ್ತು ಜನ್ಮ ದಿನಾಂಕ ಎಲ್ಲ ದಾಖಲೆಗಳಲ್ಲಿ ಒಂದೇ ರೀತಿ ಇರತಕ್ಕದ್ದು. ವ್ಯತ್ಯಾಸವಿದ್ದಲ್ಲಿ ಅರ್ಜಿ ಸಲ್ಲಿಸುವ ಮುಂಚೆಯೇ ಸರಿಪಡಿಸಿಕೊಳ್ಳುವುದು.

ಪಾಲಕರ ಗಮನಕ್ಕೆ: 14 ವರ್ಷದೊಳಗಿನ ಮಕ್ಕಳನ್ನು ಕೂಲಿ ಕೆಲಸಕ್ಕೂ, 18 ವರ್ಷದೊಳಗಿನವರನ್ನು ಅಪಾಯಕಾರಿ ಕೆಲಸಕ್ಕೂ ನೇಮಿಸಿಕೊಳ್ಳುವುದು ಕಾನೂನಿನ ಪ್ರಕಾರ ಅಪರಾಧ. ಅನುತ್ತೀರ್ಣಳಾದಳೆಂಬ ಕಾರಣಕ್ಕೆ 18 ತುಂಬದ ಹೆಣ್ಣುಮಗಳ ಮದುವೆ ನಿಶ್ಚಯಿಸುವುದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ವಿರುದ್ಧ. ಇಂತಹ ಸಂದರ್ಭ ತಿಳಿದುಬಂದಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಒಂದು ವಿಷಯದಲ್ಲಿ ಅಂಕ ಕಡಿಮೆಯಾದುದು ಕೆಲವು ತಿಂಗಳಲ್ಲಿ ಸರಿಪಡಿಸಬಹುದಾದ ಸಂಗತಿ. ಎರಡು ಮೂರು ವರ್ಷ ಸುಮ್ಮನೆ ಕಳೆದಲ್ಲಿ ಓದಿನ ಅಭ್ಯಾಸ ತಪ್ಪಿ, ಮರಳಿ ಬರುವುದು ಕಷ್ಟವಾಗುತ್ತದೆ. ಆದ್ದರಿಂದ ಫಲಿತಾಂಶ ಪ್ರಕಟವಾದ ವಾರದಲ್ಲಿಯೇ ಮಗುವಿನೊಂದಿಗೆ ಶಾಲೆಗೆ ಭೇಟಿ ನೀಡಿ, ಮುಖ್ಯೋಪಾಧ್ಯಾಯರಿಂದ ಅಥವಾ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಿಂದ ಮಾಹಿತಿ ಪಡೆಯಲು ಕೋರಲಾಗಿದೆ.