ಮಕ್ಕಳ ಓದಿನ ಏಕಾಗ್ರತೆ

ಮಕ್ಕಳ ಓದಿನ ಏಕಾಗ್ರತೆ ಎಂದರೆ ಕಿರಿಯ ಪ್ರಾಥಮಿಕ ತರಗತಿಯ ಮಗು ಪಠ್ಯದ ಮೇಲೆ ಗಮನವನ್ನು ನಿಲ್ಲಿಸಿ, ಅರ್ಥವನ್ನು ಗ್ರಹಿಸುತ್ತಾ ಓದನ್ನು ಮುಂದುವರಿಸುವ ಸಾಮರ್ಥ್ಯ. ಇದು ಹುಟ್ಟಿನಿಂದಲೇ ನಿಗದಿಯಾಗಿರುವ ಗುಣವಲ್ಲ; ಅಕ್ಷರಜ್ಞಾನ, ಶಬ್ದಸಂಪತ್ತು, ವಿಷಯದ ಪರಿಚಯ ಹಾಗೂ ಅಭ್ಯಾಸದೊಂದಿಗೆ ಬೆಳೆಯುತ್ತದೆ. ಆಟದಲ್ಲಿ ಅಥವಾ ಕಥೆ ಕೇಳುವುದರಲ್ಲಿ ಬಹಳ ಹೊತ್ತು ತಲ್ಲೀನವಾಗುವ ಮಗುವೇ ಪುಸ್ತಕ ಹಿಡಿದ ಕೆಲವೇ ನಿಮಿಷಗಳಲ್ಲಿ ಚಡಪಡಿಸಬಹುದು. ಇಂತಹ ಮಗುವಿಗೆ ಗಮನಶಕ್ತಿಯೇ ಕಡಿಮೆ ಎನ್ನಲಾಗದು. ಓದುವ ಕ್ರಿಯೆ ಅದಕ್ಕೆ ಇನ್ನೂ ಶ್ರಮದಾಯಕವಾಗಿರಬಹುದು.

ಸೈದ್ಧಾಂತಿಕ ಹಿನ್ನೆಲೆ

1974ರಲ್ಲಿ ಅಮೆರಿಕದ ಡೇವಿಡ್ ಲಾಬರ್ಜ್ ಮತ್ತು ಎಸ್. ಜೇ ಸ್ಯಾಮ್ಯುಯೆಲ್ಸ್ ಅವರು ಓದಿನಲ್ಲಿ ಸ್ವಯಂಚಾಲಿತತೆಯ ಸಿದ್ಧಾಂತವನ್ನು ಮಂಡಿಸಿದರು. ಇದರ ಪ್ರಕಾರ ಮನುಷ್ಯನ ಗಮನಶಕ್ತಿಗೆ ಮಿತಿಯಿದೆ. ಅಕ್ಷರಗಳನ್ನು ಗುರುತಿಸಿ ಕೂಡಿಸುವುದಕ್ಕೇ ಆ ಶಕ್ತಿ ವ್ಯಯವಾದರೆ ಅರ್ಥಗ್ರಹಣಕ್ಕೆ ಸ್ವಲ್ಪವೇ ಉಳಿಯುತ್ತದೆ. ಪದವೊಂದನ್ನು ಬಿಡಿಸಿ ಓದಿ ವಾಕ್ಯದ ಕೊನೆಯನ್ನು ತಲುಪುವಷ್ಟರಲ್ಲಿ ಮಗು ವಾಕ್ಯದ ಮೊದಲನ್ನು ಮರೆತಿರುತ್ತದೆ. ಅರ್ಥ ದೊರೆಯದ ಓದಿನಲ್ಲಿ ಆಸಕ್ತಿಯೂ ಉಳಿಯುವುದಿಲ್ಲ.

ಕೀತ್ ಸ್ಟಾನೊವಿಚ್ ಅವರು 1986ರಲ್ಲಿ ಇದರ ದೀರ್ಘಕಾಲಿಕ ಪರಿಣಾಮವನ್ನು ವಿವರಿಸಿದರು. ಸರಾಗವಾಗಿ ಓದುವ ಮಕ್ಕಳು ಹೆಚ್ಚು ಓದಿ ಇನ್ನಷ್ಟು ಮುಂದುವರಿಯುತ್ತಾರೆ. ತಡವರಿಸುವವರು ಓದಿನಿಂದ ದೂರ ಸರಿಯುತ್ತಾ ಮತ್ತಷ್ಟು ಹಿಂದುಳಿಯುತ್ತಾರೆ. ಈ ವಿದ್ಯಮಾನಕ್ಕೆ ಮ್ಯಾಥ್ಯೂ ಪರಿಣಾಮ ಎಂದು ಹೆಸರು.

ಕನ್ನಡ ಲಿಪಿಯ ಕಲಿಕೆ

ಕನ್ನಡದ ವರ್ಣಮಾಲೆಯಲ್ಲಿ ಸಾಮಾನ್ಯವಾಗಿ 49 ಅಕ್ಷರಗಳನ್ನು ಎಣಿಸಲಾಗುತ್ತದೆ. ಕಾಗುಣಿತ ಮತ್ತು ಒತ್ತಕ್ಷರಗಳು ಸೇರಿದಾಗ ಮಗು ಗುರುತಿಸಬೇಕಾದ ರೂಪಗಳು ನೂರಾರಾಗುತ್ತವೆ. ಅಕ್ಷರಗಳ ಕಲಿಕೆ ಮೊದಲೆರಡು ವರ್ಷಗಳಲ್ಲಿ ಪೂರ್ಣಗೊಳ್ಳದೆ, ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆ ಎಂಬುದನ್ನು ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿತು. ಹೀಗಾಗಿ ಎರಡನೆಯ ತರಗತಿಯ ಮಗು ‘ರಾಷ್ಟ್ರ’ದಂತಹ ಪದದಲ್ಲಿ ತಡೆದು ನಿಲ್ಲುವುದು ಸಹಜ. ಮನೆಯಲ್ಲಿ ತುಳು, ಕೊಂಕಣಿ, ಉರ್ದು ಮುಂತಾದ ಭಾಷೆಗಳನ್ನಾಡುವ ಮಕ್ಕಳಿಗೆ ಲಿಪಿಯ ಜೊತೆಗೆ ಪದಗಳೂ ಹೊಸದಾಗಿರಬಹುದು.

ಏಕಾಗ್ರತೆಯನ್ನು ಬೆಳೆಸುವ ವಿಧಾನಗಳು

• ಓದಿ ಹೇಳುವುದು: ಹಿರಿಯರು ಗಟ್ಟಿಯಾಗಿ ಓದುವಾಗ ಮಗುವಿಗೆ ಅಕ್ಷರ ಬಿಡಿಸುವ ಹೊರೆಯಿರುವುದಿಲ್ಲ. ಅದು ದೀರ್ಘ ಕಥೆಯ ಎಳೆಯನ್ನು ಹಿಡಿದಿಡಲು ಕಲಿಯುತ್ತದೆ. ನಡುನಡುವೆ ಪ್ರಶ್ನೆ ಕೇಳಿ, ಮಗುವಿನ ಉತ್ತರವನ್ನು ವಿಸ್ತರಿಸುವ ‘ಸಂವಾದಾತ್ಮಕ ಓದು’ ಕ್ರಮವನ್ನು ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದರು.

• ಮರು ಓದು: ಚಿಕ್ಕ ಪಠ್ಯಭಾಗವೊಂದನ್ನು ಸರಾಗವಾಗುವವರೆಗೆ ಹಲವು ಬಾರಿ ಓದಿಸುವುದು. ಸ್ಯಾಮ್ಯುಯೆಲ್ಸ್ 1979ರಲ್ಲಿ ಈ ವಿಧಾನವನ್ನು ವಿವರಿಸಿದರು.

• ಮಟ್ಟಕ್ಕೆ ತಕ್ಕ ಪುಸ್ತಕ: ಪ್ರತಿ ಸಾಲಿನಲ್ಲೂ ಎಡವಿಸುವ ಪುಸ್ತಕ ಮಗುವನ್ನು ಬೇಗ ದಣಿಸುತ್ತದೆ. ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕಥೆಗಳೂ ಓದಿನ ಮಟ್ಟಕ್ಕನುಗುಣವಾಗಿ ವಿಂಗಡಣೆಗೊಂಡು ಉಚಿತವಾಗಿ ದೊರೆಯುತ್ತವೆ.

• ವಿಷಯದ ಪೂರ್ವಪರಿಚಯ: ಪಾಠದ ಚಿತ್ರಗಳನ್ನು ನೋಡಿ ಮಾತನಾಡುವುದರಿಂದ ಮತ್ತು ಹೊಸ ಪದಗಳನ್ನು ಮೊದಲೇ ತಿಳಿಸುವುದರಿಂದ ಓದು ಹಗುರವಾಗುತ್ತದೆ.

• ಅವಧಿಯ ಕ್ರಮಬದ್ಧ ಏರಿಕೆ: ದಿನವೂ ಗೊತ್ತಾದ ವೇಳೆಯಲ್ಲಿ ಕೆಲವೇ ನಿಮಿಷಗಳಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸುವುದು. ಗಡಿಯಾರ ನೋಡಿ ನಿಲ್ಲಿಸುವ ಬದಲು ಕಥೆಯ ಒಂದು ಘಟ್ಟಕ್ಕೆ ನಿಲ್ಲಿಸಿದರೆ ಮರುದಿನದ ಕುತೂಹಲ ಉಳಿಯುತ್ತದೆ. ಆ ಹೊತ್ತಿನಲ್ಲಿ ದೂರದರ್ಶನ ಮತ್ತು ಮೊಬೈಲ್ ಸದ್ದು ಇರದಂತೆ ನೋಡಿಕೊಳ್ಳುವುದು ಅಗತ್ಯ.

ಮೌನ ಓದಿನ ಕುರಿತ ಚರ್ಚೆ

ನಿಗದಿತ ಅವಧಿಯಲ್ಲಿ ಎಲ್ಲರೂ ತಮ್ಮಿಷ್ಟದ ಪುಸ್ತಕವನ್ನು ಮೌನವಾಗಿ ಓದುವ ಕ್ರಮವನ್ನು 1960ರ ದಶಕದಲ್ಲಿ ಅಮೆರಿಕದ ಲೈಮನ್ ಹಂಟ್ ಪ್ರಚುರಪಡಿಸಿದರು. ಇದು ಓದಿನ ಸರಾಗತೆಯನ್ನು ಹೆಚ್ಚಿಸುತ್ತದೆಯೆನ್ನಲು ಸಾಕಷ್ಟು ಪುರಾವೆ ದೊರೆತಿಲ್ಲವೆಂದು ಆ ದೇಶದ ರಾಷ್ಟ್ರೀಯ ಓದು ಸಮಿತಿಯ 2000ದ ವರದಿ ಹೇಳಿತು. ಮಾರ್ಗದರ್ಶನದೊಂದಿಗೆ ಗಟ್ಟಿಯಾಗಿ ಮರು ಓದುವುದು ಫಲಕಾರಿಯೆಂದು ಅದೇ ವರದಿ ಗುರುತಿಸಿತು. ಇನ್ನೂ ತಡವರಿಸುವ ಮಗು ಮೌನ ಓದಿನ ವೇಳೆಯಲ್ಲಿ ಕೇವಲ ಪುಟ ತಿರುಗಿಸುತ್ತಾ ಕುಳಿತಿದ್ದರೆ ಅದು ಶಿಕ್ಷಕರ ಗಮನಕ್ಕೆ ಬಾರದೆ ಹೋಗಬಹುದು.

ಕರ್ನಾಟಕದಲ್ಲಿ

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿಕಲಿ ಪದ್ಧತಿಯಲ್ಲಿ ಮಕ್ಕಳು ಕಲಿಕಾ ಏಣಿ ಮತ್ತು ಕಾರ್ಡುಗಳ ನೆರವಿನಿಂದ ತಮ್ಮದೇ ವೇಗದಲ್ಲಿ ಮುಂದುವರಿಯುತ್ತಾರೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮವು ಗ್ರಾಮ ಪಂಚಾಯಿತಿ ಗ್ರಂಥಾಲಯಗಳತ್ತ ಮಕ್ಕಳನ್ನು ಸೆಳೆಯುವ ಉದ್ದೇಶ ಹೊಂದಿದೆ.

ಗಮನಿಸಬೇಕಾದ ಅಂಶಗಳು

ಓದಿನಲ್ಲಿ ಮನಸ್ಸು ನಿಲ್ಲದಿರುವುದನ್ನು ಸೋಮಾರಿತನವೆಂದು ಗದರಿಸಿದರೆ ಪುಸ್ತಕದ ಬಗ್ಗೆ ಭಯ ಬೆಳೆಯಬಹುದು. ದೃಷ್ಟಿದೋಷ, ಶ್ರವಣದೋಷ, ಹಸಿವು ಮತ್ತು ನಿದ್ರೆಯ ಕೊರತೆಯೂ ಇದಕ್ಕೆ ಕಾರಣವಾಗಬಲ್ಲವು. ಸೂಕ್ತ ನೆರವಿನ ನಂತರವೂ ತೊಂದರೆ ಮುಂದುವರಿದರೆ ಡಿಸ್‌ಲೆಕ್ಸಿಯಾ ಅಥವಾ ಗಮನ ಕೊರತೆಯ ಅತಿಚಟುವಟಿಕೆ ದೋಷದ ಸಾಧ್ಯತೆಯನ್ನು ತಜ್ಞರಿಂದ ಪರೀಕ್ಷಿಸಬೇಕಾಗುತ್ತದೆ. ಮಗುವಿಗೆ ಕಥೆ ಕೇಳುವಾಗ ಗಮನ ನಿಲ್ಲುತ್ತದೆಯೇ, ಓದುವಾಗ ಮಾತ್ರ ತಪ್ಪುತ್ತದೆಯೇ ಎಂಬುದನ್ನು ಗಮನಿಸುವುದು ಈ ದಿಶೆಯಲ್ಲಿ ಪೋಷಕರು ಮತ್ತು ಶಿಕ್ಷಕರು ಇಡಬಹುದಾದ ಮೊದಲ ಹೆಜ್ಜೆ.